ವಾರ್ ಅಂಡ್ ಪೀಸ್ ಓದ್ಬೇಕು ಸರಿ, ಆದ್ರೆ ಯಾವುದನ್ನ ತಗೋಬೇಕು?

"ಟಾಲ್‌ಸ್ಟಾಯ್ ಓದ್ಬೇಕು ಅಂತಿದೀನಿ, ಕನ್ನಡದಲ್ಲಿ ತಗೊಳ್ಲಾ, ಇಂಗ್ಲಿಷಲ್ಲಾ, ಇಂಗ್ಲಿಷಾದ್ರೆ ಯಾರ ಟ್ರಾನ್ಸ್‌ಲೇಶನ್ನು?" ಹೋದ ತಿಂಗಳು ಒಂದೇ ವಾರದಲ್ಲಿ ಇಬ್ಬರು ಇದೇ ಪ್ರಶ್ನೆ ಕೇಳಿದ್ರು. ಮೂರನೇಯವನು ಕೇಳ್ಲಿಲ್ಲ, ಸೀದಾ ಆನ್‌ಲೈನಲ್ಲಿ ಎಲ್ಲಕ್ಕಿಂತ ಅಗ್ಗದ್ದು ತರಿಸ್ಕೊಂಡು, ಅಕ್ಷರ ಇರುವೆ ಸಾಲಿನ ಥರ ಇದೆ ಅಂತ ಫೋಟೋ ಕಳಿಸಿದ. ಅವನನ್ನ ನೋಡಿ ನಾನು ನಗಲಿಲ್ಲ, ಯಾಕಂದ್ರೆ ನಾನೂ ಅದೇ ದಾರೀಲಿ ಬಂದವನು. ಈ ಪುಸ್ತಕನ ನಾನು ಮೂರು ಸಲ ಶುರು ಮಾಡಿ ಮೂರು ಸಲ ಬಿಟ್ಟಿದೀನಿ, ನಾಲ್ಕನೇ ಸಲ ಮುಗಿಸಿದ್ದು. ಆ ಮೂರು ಸಲ ಬಿಟ್ಟಿದ್ದಕ್ಕೆ ಟಾಲ್‌ಸ್ಟಾಯ್ ಕಾರಣ ಅಲ್ಲವೇ ಅಲ್ಲ. ನನಗೆ ಹೊಂದದೇ ಇರೋ ಪ್ರತಿ ಹಿಡ್ಕೊಂಡು ಕೂತಿದ್ದೆ, ಅಷ್ಟೇ.

ಹಾಗಾಗಿ ಯಾವ ಅನುವಾದ ಶ್ರೇಷ್ಠ ಅನ್ನೋ ಜಗಳಕ್ಕೆ ನಾನು ಹೋಗಲ್ಲ, ಅದಕ್ಕೆ ಪಂಡಿತರಿದಾರೆ. ನಾನು ಕೇಳೋದು ಒಂದೇ: ನೀವು ದೊಡ್ಡ ಪುಸ್ತಕನ ಸಾಮಾನ್ಯವಾಗಿ ಎಲ್ಲಿ ಕೈಬಿಡ್ತೀರಾ? ಅದು ಗೊತ್ತಾದ್ರೆ ಯಾವುದು ತಗೋಬೇಕು ಅನ್ನೋದು ತಾನೇ ಗೊತ್ತಾಗುತ್ತೆ.

ಮೊದಲು ಎದುರಿಗೆ ಏನಿದೆ ಅಂತ ನೋಡೋಣ. ರಷ್ಯನ್ ಕಾದಂಬರಿ, 1863ರಿಂದ 1869ರವರೆಗೆ ಬರೆದಿದ್ದು, ನಾಲ್ಕು ಸಂಪುಟ, ಕೊನೆಗೆ ಎರಡು ಭಾಗದ ಎಪಿಲಾಗ್, ಅಂದ್ರೆ ಉಪಸಂಹಾರ, ಒಟ್ಟು 361 ಅಧ್ಯಾಯ. ಪ್ರತಿ ಪ್ರತಿಗೂ ಅಕ್ಷರದ ಸೈಜಿನ ಮೇಲೆ 1200ರಿಂದ 1400 ಪುಟ ಆಗುತ್ತೆ. ಕೇಳಿದ್ರೆ ಎದೆ ಧಸಕ್ ಅನ್ನುತ್ತೆ ನಿಜ, ಆದ್ರೆ ಗಮನಿಸಿ, ಪುಟನ ಅಧ್ಯಾಯದಿಂದ ಭಾಗಿಸಿದ್ರೆ ಒಂದೊಂದು ಅಧ್ಯಾಯ ನಾಲ್ಕು ಪುಟದ ಆಸುಪಾಸು, ಬೆಳಿಗ್ಗೆ ಕಾಫಿ ಆರೋದ್ರೊಳಗೆ ಒಂದು ಮುಗಿಯುತ್ತೆ. ದಿನಕ್ಕೊಂದು ಅಂತ ಹಿಡಿದ್ರೆ ಒಂದು ವರ್ಷಕ್ಕೆ ನಾಲ್ಕು ದಿನ ಕಮ್ಮಿ. ಹಾಗಾಗಿ ಉದ್ದ ನಿಜವಾದ ತೊಂದರೆ ಅಲ್ಲ. ನನ್ನ ಲೆಕ್ಕದಲ್ಲಿ ಜನ ಬಿಡೋದು ನಾಲ್ಕು ಕಾರಣಕ್ಕೆ: ಫ್ರೆಂಚು, ಹೆಸರುಗಳು, ಪುಸ್ತಕದ ತೂಕ, ಮತ್ತೆ ಅನುವಾದದ ಭಾಷೆ ಕಿವಿಗೆ ಹಿಡಿಸ್ದೇ ಇರೋದು. ದುಡ್ಡು ಐದನೇದು, ಆದ್ರೆ ಅದು ಪರಿಹಾರ ಇರೋ ಸಮಸ್ಯೆ, ಯಾಕಂದ್ರೆ ಒಂದು ಒಳ್ಳೇ ಅನುವಾದ ಪೂರ್ತಿ ಫ್ರೀ ಸಿಗುತ್ತೆ.

ಫ್ರೆಂಚ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳ್ತೀನಿ. ಕಾದಂಬರಿ ಶುರುವಾಗೋದೇ ಫ್ರೆಂಚಲ್ಲಿ. 1805ರ ಜುಲೈ, ಪೀಟರ್ಸ್‌ಬರ್ಗಲ್ಲಿ ಆನ್ನಾ ಪಾವ್ಲೊವ್ನಾ ಶೆರರ್ ಅನ್ನೋ ದೊಡ್ಡಮನುಷ್ಯರ ಮನೆ ಪಾರ್ಟಿ, ಮೊದಲನೇ ವಾಕ್ಯದಿಂದಲೇ ಆಕೆ ನೆಪೋಲಿಯನ್‌ನ ಫ್ರೆಂಚ್ ಭಾಷೆಯಲ್ಲೇ ಬೈತಾಳೆ. ಆಗಿನ ರಷ್ಯದ ಶ್ರೀಮಂತರ ಮನೆಮಾತು ಅದೇ ಆಗಿತ್ತು, ಈಗ ನಮ್ಮಲ್ಲಿ ಕೆಲವರು ಮನೇಲಿ ಮಕ್ಕಳ ಜೊತೆ ಇಂಗ್ಲಿಷಲ್ಲೇ ಮಾತಾಡಿ, ಕೆಲಸದವರ ಹತ್ರ ಮಾತ್ರ ಕನ್ನಡ ಮಾತಾಡ್ತಾರಲ್ಲ, ಹಾಗೆ. ಆಮೇಲೆ 1812ರಲ್ಲಿ ಅದೇ ಫ್ರೆಂಚರು ಮಾಸ್ಕೋ ಕಡೆ ಸೈನ್ಯ ತಗೊಂಡು ಬಂದಾಗ, ಇವರು ಪಾರ್ಟೀಲಿ ಫ್ರೆಂಚ್ ಮಾತಾಡಿದ್ರೆ ದಂಡ ಅಂತ ರೂಲ್ ಮಾಡ್ಕೋತಾರೆ, ರೂಲ್ ಮಾಡಿದವರಿಗೇ ರಷ್ಯನ್ ಸರಿಯಾಗಿ ಬಾಯಿಗೆ ಬರಲ್ಲ. ಈ ತಮಾಷೆ ಪೂರ್ತಿ ದಕ್ಕಬೇಕಂದ್ರೆ ಯಾವ ಮಾತು ಫ್ರೆಂಚು ಯಾವುದು ರಷ್ಯನ್ನು ಅಂತ ಓದೋವಾಗ ಗೊತ್ತಾಗ್ತಿರ್ಬೇಕು. ಆದ್ರೆ ಅದಕ್ಕೆ ಪ್ರತಿ ಪುಟದ ಅಡೀಲಿ ಸಣ್ಣಕ್ಷರದ ಟಿಪ್ಪಣಿಗೆ ಕಣ್ಣು ಇಳಿಸಿ ಹತ್ತಿಸಿ ಮಾಡ್ಬೇಕು, ಅದೇ ಇಲ್ಲಿನ ಕೊಡುಕೊಳ್ಳು. ಟಾಲ್‌ಸ್ಟಾಯ್‌ಗೇ ಇದರ ಬಗ್ಗೆ ಎರಡು ಮನಸ್ಸಿತ್ತು, 1873ರ ಆವೃತ್ತೀಲಿ ಫ್ರೆಂಚ್ ತೆಗೆದು ರಷ್ಯನ್ ಹಾಕಿದ್ರು, ಆಮೇಲಿನ ಆವೃತ್ತಿಗಳಲ್ಲಿ ಅದು ವಾಪಸ್ ಬಂತು. ಹಾಗಾಗಿ ಫ್ರೆಂಚ್ ಇಲ್ಲದ ಪ್ರತಿ ಓದಿದ್ರೆ ಪಾಪ ಏನೂ ಬರಲ್ಲ.

ಹೆಸರಿನ ವಿಷಯ. ಒಬ್ಬನೇ ಮನುಷ್ಯ ಪಿಯೆರ್, ಪ್ಯೋತ್ರ್ ಕಿರಿಲ್ಲೊವಿಚ್, ಕೌಂಟ್ ಬೆಜುಖೊವ್ ಅಂತ ಮೂರು ಥರ ಬರ್ತಾನೆ. ನಮಗೆ ಇದು ಇಂಗ್ಲಿಷ್‌ನವರಿಗೆ ಆದಷ್ಟು ಕಷ್ಟ ಆಗ್ಬಾರ್ದು, ಸುಬ್ರಹ್ಮಣ್ಯ ಮನೇಲಿ ಸುಬ್ಬು, ಊರಲ್ಲಿ ಸುಬ್ಬಣ್ಣ, ಆಫೀಸಲ್ಲಿ ಮೂರ್ತಿ ಸರ್ ಆಗಿರೋದನ್ನ ನೋಡ್ಕೊಂಡೇ ಬೆಳೆದಿದೀವಿ. ನಿಜವಾದ ಕಾಟ ಕೊಡೋದು ಡಕಾರಗಳು: ಡೊಲೊಖೊವ್, ಡೆನಿಸೊವ್, ದ್ರುಬೆತ್‌ಸ್ಕೊಯ್. ಇವರಲ್ಲಿ ಸಾಲ ಮಾಡಿಸೋನು ಯಾರು, ಒಳ್ಳೇವನು ಯಾರು, ಅಮ್ಮನ ಶಿಫಾರಸಿನಿಂದ ಮೇಲೆ ಬರೋನು ಯಾರು ಅಂತ ನನಗೆ ಎರಡನೇ ಸಂಪುಟದವರೆಗೂ ಗೊಂದಲ ಇತ್ತು. ನೀವು ತಗೊಳ್ಳೋ ಪ್ರತೀಲಿ ಮುಂದೆ ಪಾತ್ರಗಳ ಪಟ್ಟಿ ಇದೆಯಾ ಅಂತ ಅಂಗಡೀಲೇ ತೆಗೆದು ನೋಡಿ. ಇಲ್ಲದಿದ್ರೆ ಒಂದು ಪೋಸ್ಟ್‌ಕಾರ್ಡ್ ಸೈಜಿನ ಹಾಳೇಲಿ ಬೆಜುಖೊವ್, ಬೊಲ್ಕೊನ್‌ಸ್ಕಿ, ರೊಸ್ತೊವ್, ಕುರಾಗಿನ್ ಅಂತ ನಾಲ್ಕು ಮನೆ ಬರ್ಕೊಳ್ಳಿ, ಬುಕ್‌ಮಾರ್ಕೂ ಆಯ್ತು.

ಈಗ ಒಂದೊಂದಾಗಿ.

ಮೌಡ್ ದಂಪತಿ ಅನುವಾದ, ಲೂಯಿಸ್ ಮತ್ತು ಏಲ್ಮರ್ ಮೌಡ್, 1922-23ರಲ್ಲಿ ಬಂದಿದ್ದು. ಇವರು ಟಾಲ್‌ಸ್ಟಾಯ್‌ಗೆ ಖುದ್ದು ಪರಿಚಯ ಇದ್ದವರು, ರಷ್ಯದಲ್ಲಿ ವರ್ಷಗಟ್ಟಲೆ ಬದುಕಿದವರು. ಫ್ರೆಂಚ್ ಬಹುಪಾಲು ಇಂಗ್ಲಿಷಾಗಿದೆ, ವಾಕ್ಯ ಸರಾಗವಾಗಿ ಹರಿಯುತ್ತೆ, ಸ್ವಲ್ಪ ಹಳೇ ಕಾಲದ ಇಂಗ್ಲಿಷು ಆದ್ರೆ ಹಳೇ ಕಥೆಗೆ ಅದು ಒಗ್ಗುತ್ತೆ. ಒಂದೇ ಕಿರಿಕಿರಿ ಅಂದ್ರೆ ಹೆಸರುಗಳನ್ನ ಇಂಗ್ಲಿಷ್ ಮಾಡಿಬಿಟ್ಟಿದಾರೆ, ಆಂದ್ರೇಯ್ ಇಲ್ಲಿ ಆಂಡ್ರ್ಯೂ, ನಿಕೊಲಾಯ್ ನಿಕೋಲಸ್, ಮಾರ್ಯಾ ಮೇರಿ. ರಷ್ಯದ ಹಿಮದಲ್ಲಿ ಪ್ರಿನ್ಸ್ ಆಂಡ್ರ್ಯೂ ಅಂದಾಗ ನನಗಂತೂ ಕಲ್ಲು ಸಿಕ್ಕ ಅನ್ನದ ಹಾಗಾಗುತ್ತೆ. ಆದ್ರೆ ದುಡ್ಡಿನ ಲೆಕ್ಕಕ್ಕೆ ಇದನ್ನ ಮೀರ್ಸೋದು ಇಲ್ಲ: ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನೋ ವೆಬ್‌ಸೈಟಲ್ಲಿ ಪೂರ್ತಿ ಉಚಿತ, ಲಿಬ್ರಿವಾಕ್ಸಲ್ಲಿ ಆಡಿಯೋ ಉಚಿತ, ವರ್ಡ್ಸ್‌ವರ್ತ್‌ನ ಅಗ್ಗದ ಪೇಪರ್‌ಬ್ಯಾಕಲ್ಲೂ ಇದೇ ಅನುವಾದ, ಎವ್ರಿಮ್ಯಾನ್ಸ್ ಲೈಬ್ರರಿಯ ಮೂರು ಸಂಪುಟದ ಗಟ್ಟಿ ರಟ್ಟಿನ ಸೆಟ್ಟಲ್ಲೂ ಇದೇ. ಅಂದ್ರೆ ಬಡವನ ಪ್ರತಿಯೂ ಇದೇ, ಶ್ರೀಮಂತನ ಪ್ರತಿಯೂ ಇದೇ, ಒಳಗಿನ ಮಾತು ಒಂದೇ.

ಹೆಸರಿನ ಕಾಟ ಬೇಡ ಅನ್ನೋರಿಗೆ ಆಕ್ಸ್‌ಫರ್ಡ್ ವರ್ಲ್ಡ್ಸ್ ಕ್ಲಾಸಿಕ್ಸ್‌ನ 2010ರ ಪ್ರತಿ ಇದೆ. ಏಮಿ ಮ್ಯಾಂಡೆಲ್ಕರ್ ಅನ್ನೋರು ಇದೇ ಮೌಡ್ ಅನುವಾದನ ತಿದ್ದಿ, ರಷ್ಯನ್ ಹೆಸರು ವಾಪಸ್ ಹಾಕಿ, ಫ್ರೆಂಚನ್ನೂ ವಾಪಸ್ ತಂದಿದಾರೆ. ನನ್ನ ಕೇಳಿದ್ರೆ ಇಂಗ್ಲಿಷಲ್ಲಿ ಒಂದೇ ಒಂದು ಪ್ರತಿ ದುಡ್ಡು ಕೊಟ್ಟು ತಗೊಳ್ಳೋದಾದ್ರೆ ಇದೇ. ನಾನು ನಾಲ್ಕನೇ ಸಲ ಮುಗಿಸಿದ್ದೂ ಇದನ್ನೇ, ಅದಕ್ಕೇ ಸ್ವಲ್ಪ ಪಕ್ಷಪಾತ ಇದೆ, ಲೆಕ್ಕ ಇಟ್ಕೊಳ್ಳಿ.

ಆಂಥೊನಿ ಬ್ರಿಗ್ಸ್, ಪೆಂಗ್ವಿನ್, 2005. ಫ್ರೆಂಚ್ ಕಂಡ್ರೆ ಆಗಲ್ಲ, ಅಡಿಟಿಪ್ಪಣಿ ಕಂಡ್ರೆ ನಿದ್ದೆ ಬರುತ್ತೆ, ಈಗಿನ ಇಂಗ್ಲಿಷ್ ಬೇಕು ಅನ್ನೋರಿಗೆ ಇದು. ಎಲ್ಲಾ ಇಂಗ್ಲಿಷಲ್ಲೇ ಇದೆ, ಡೈಲಾಗ್ ಚುರುಕು. ತಕರಾರು ಏನಂದ್ರೆ ಸೈನಿಕರು ಮಾತಾಡೋದು ಬ್ರಿಟಿಷ್ ಸಿಪಾಯಿಗಳ ಥರ ಇದೆ, ಇಂಗ್ಲೆಂಡಿನವರಿಗೆ ಅದು ಮಣ್ಣಿನ ವಾಸನೆ, ಮಂಡ್ಯದಲ್ಲೋ ಕಲಬುರಗಿಯಲ್ಲೋ ಕೂತು ಓದೋ ನಮಗೆ ಅದೂ ಒಂದು ಪರಭಾಷೆಯೇ. ಆದ್ರೂ ಮೊದಲನೇ ಸಲ ಓದೋರು, ಮುಗಿಸೋದೇ ಮುಖ್ಯ ಅನ್ನೋರು, ಇದನ್ನ ತಗೊಂಡ್ರೆ ಸೋಲಲ್ಲ.

ಪೆವಿಯರ್ ಮತ್ತು ವೊಲೊಖೊನ್‌ಸ್ಕಿ, 2007, ಗಂಡ ಅಮೆರಿಕದವರು, ಹೆಂಡತಿ ರಷ್ಯನ್. ಎಲ್ಲರೂ ಹೊಗಳೋದು ಇದನ್ನ, ನಾನು ಎರಡು ಸಲ ಬಿಟ್ಟಿದ್ದೂ ಇದನ್ನೇ! ಫ್ರೆಂಚ್ ಫ್ರೆಂಚಾಗೇ ಇದೆ, ಅರ್ಥ ಪುಟದ ಕೆಳಗೆ. ಟಾಲ್‌ಸ್ಟಾಯ್ ಒಂದೇ ಪದನ ಒಂದೇ ಪ್ಯಾರಾದಲ್ಲಿ ನಾಲ್ಕು ಸಲ ಬಳಸಿದ್ರೆ ಬೇರೆಯವರು ಅದನ್ನ ನಯ ಮಾಡಿ ಬೇರೆ ಬೇರೆ ಪದ ಹಾಕ್ತಾರೆ, ಇವರು ನಾಲ್ಕು ಸಲಾನೂ ಅದೇ ಪದ ಹಾಕ್ತಾರೆ. ಮೂಲದ ಬಡಿತ ಕೇಳ್ಬೇಕು ಅನ್ನೋರಿಗೆ ಇದು ಅಮೃತ, ಬಸ್ಸಲ್ಲಿ ನಿಂತ್ಕೊಂಡು ಓದೋನಿಗೆ ಕಡಲೆ ಹಿಟ್ಟು ಬರೀ ಬಾಯಿಗೆ ಹಾಕ್ಕೊಂಡ ಹಾಗೆ. ಮೊದಲ ಪಾರ್ಟಿ ಸೀನಲ್ಲೇ ಕಣ್ಣು ಮೇಲೆ ಕೆಳಗೆ ಓಡಿ ಓಡಿ ಸುಸ್ತಾಗಿ, ಆ ಪಾರ್ಟಿಯಿಂದ ನಾನು ಪಿಯೆರ್‌ಗಿಂತ ಮುಂಚೆ ಎದ್ದು ಹೋದೆ. ಇದೇ ಪ್ರತಿನ ಕಿಂಡಲಲ್ಲಿ ತಗೊಂಡ್ರೆ ಟಿಪ್ಪಣಿ ಬೆರಳು ಒತ್ತಿದ್ರೆ ಬರುತ್ತೆ, ಅರ್ಧ ಕಷ್ಟ ಕಮ್ಮಿ. ಎರಡನೇ ಸಲ ಓದೋರಿಗೆ ಕಣ್ಣುಮುಚ್ಚಿ ರೆಕಮೆಂಡ್ ಮಾಡ್ತೀನಿ.

ಉಳಿದವು ಬೇಗ ಹೇಳಿಬಿಡ್ತೀನಿ. ಕಾನ್ಸ್ಟನ್ಸ್ ಗಾರ್ನೆಟ್ ಅವರದ್ದು 1904ರದ್ದು, ವೇಗವಾಗಿ ಓಡುತ್ತೆ, ಎಲ್ಲೋ ಹಳೇ ಪುಸ್ತಕದಂಗಡೀಲಿ ಸಿಕ್ಕಿದ್ರೆ ಧಾರಾಳವಾಗಿ ತಗೊಳ್ಳಿ, ಹುಡುಕ್ಕೊಂಡು ಹೋಗ್ಬೇಕಾಗಿಲ್ಲ. ರೋಸ್ಮೆರಿ ಎಡ್ಮಂಡ್ಸ್ ಅವರ 1957ರ ಪೆಂಗ್ವಿನ್ ಎರಡು ಸಂಪುಟದಲ್ಲಿ ಬಂದಿತ್ತು, ಚರ್ಚ್ ಸ್ಟ್ರೀಟಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಎರಡೂ ಒಟ್ಟಿಗೆ ಸಿಕ್ಕಿದ್ರೆ ಅದೃಷ್ಟ, ಬರೀ ಎರಡನೇದು ಸಿಕ್ಕಿದ್ರೆ ಮೋಹ ಬೇಡ. ಆನ್ ಡನಿಗನ್ ಅನುವಾದ, 1968, ಸಿಗ್ನೆಟ್, ಒಳ್ಳೇದೇ, ಆದ್ರೆ ಇಟ್ಟಿಗೆ ಆಕಾರ, ಸಣ್ಣಕ್ಷರ, ನಲವತ್ತು ದಾಟಿದವರು ಕನ್ನಡಕ ಬದಲಾಯಿಸಿದ ಮೇಲೆ ನೋಡಿ.

ಒಂದು ಎಚ್ಚರಿಕೆ. 'ಒರಿಜಿನಲ್ ವರ್ಶನ್' ಅಂತ ಆಂಡ್ರ್ಯೂ ಬ್ರಾಮ್‌ಫೀಲ್ಡ್ ಅನುವಾದ ಒಂದು 2007ರಲ್ಲಿ ಬಂತು, ಉಳಿದವಕ್ಕಿಂತ ತೆಳ್ಳಗಿದೆ, ಅಂಗಡೀಲಿ ಕೈ ತಾನೇ ಅದರ ಕಡೆ ಹೋಗುತ್ತೆ. ಅದು ಸಂಕ್ಷಿಪ್ತ ಅಲ್ಲ, ಟಾಲ್‌ಸ್ಟಾಯ್ ಆಮೇಲೆ ಬದಲಾಯಿಸಿದ ಮೊದಲಿನ ಕರಡು. ಸಾಯಬೇಕಾದವರು ಅದರಲ್ಲಿ ಸಾಯಲ್ಲ, ಇಷ್ಟೇ ಹೇಳ್ತೀನಿ. ಪೂರ್ತಿ ಕಾದಂಬರಿ ಓದಿದ ಮೇಲೆ ಕುತೂಹಲಕ್ಕೆ ಓದೋದು, ಅದರ ಬದಲು ಓದೋದಲ್ಲ. ಹಾಗೇ ಬರೀ ಕವರ್ ಮೇಲೆ ಅನುವಾದಕರ ಹೆಸರೇ ಇಲ್ಲದ ಅಗ್ಗದ ರೀಪ್ರಿಂಟ್ ತಗೋಬೇಡಿ. ನಾನು ಒಂದು ತರಿಸಿದ್ದೆ, ಟಿಪ್ಪಣಿ ಇಲ್ಲ, ಪಾತ್ರಪಟ್ಟಿ ಇಲ್ಲ, ಒಂದು ಕಡೆ ಮೂವತ್ತೆರಡು ಪುಟ ಎರಡೆರಡು ಸಲ ಬೈಂಡ್ ಆಗಿತ್ತು, ನಾನು ಅದನ್ನ ಟಾಲ್‌ಸ್ಟಾಯ್ ಏನೋ ಪ್ರಯೋಗ ಮಾಡಿದಾರೆ ಅಂದ್ಕೊಂಡು ಹತ್ತು ಪುಟ ಓದಿದೀನಿ.

ಇನ್ನು ಕನ್ನಡ. ಬೇಕಂತಲೇ ಕೊನೆಗಿಟ್ಟೆ, ಯಾಕಂದ್ರೆ ಜಾಸ್ತಿ ಮಾತಾಡೋದಿದೆ. 'ಯುದ್ಧ ಮತ್ತು ಶಾಂತಿ' ಅಂತ ದೇಜಗೌ ಅವರೂ ಅನುವಾದಿಸಿದಾರೆ, ಓ.ಎಲ್. ನಾಗಭೂಷಣ ಸ್ವಾಮಿ ಅವರೂ ಅನುವಾದಿಸಿದಾರೆ. ದೇಜಗೌ ಅವರದ್ದು ಹಿಂದಿನ ತಲೆಮಾರಿನ ಮೈಸೂರು ಮೇಷ್ಟ್ರ ಕನ್ನಡ, ಗ್ರಾಂಥಿಕ, ಅದರ ಗತ್ತು ಇಷ್ಟಪಡೋರಿಗೆ ಬಹಳ ಹಿಡಿಸುತ್ತೆ. ಸ್ವಾಮಿ ಅವರ ಗದ್ಯ ಈಗಿನ ಓದುಗರಿಗೆ ಹತ್ತಿರ. ಹೊಸ ಓದುಗರಿಗೆ ನಾನು ಹೇಳೋದು ಸ್ವಾಮಿ ಅವರದ್ದು. ಕೊಳ್ಳೋ ಮುಂಚೆ ನಿಮ್ಮ ಊರಿನ ಕೇಂದ್ರ ಗ್ರಂಥಾಲಯದಲ್ಲಿ ಒಮ್ಮೆ ಕೇಳಿ ನೋಡಿ, ಎರಡು ಅಧ್ಯಾಯ ಅಲ್ಲೇ ಕೂತು ಓದಿದ್ರೆ ನಿಮ್ಮ ಕಿವಿಗೆ ಯಾರು ಆಗ್ತಾರೆ ಅಂತ ಗೊತ್ತಾಗುತ್ತೆ.

"ಇಂಗ್ಲಿಷಲ್ಲಿ ಓದಿದ್ರೆ ಒರಿಜಿನಲ್ಲಿಗೆ ಹತ್ರ ಅಲ್ವಾ" ಅಂತ ಕೇಳ್ತಾರೆ. ಇದು ನಮ್ಮ ತಲೇಲಿ ಕೂತಿರೋ ಒಂದು ಭ್ರಮೆ ಅಷ್ಟೇ, ಅವನು ಬರೆದಿದ್ದು ಇಂಗ್ಲಿಷಲ್ಲಲ್ಲ. ಇನ್ನೂ ಹೇಳ್ಬೇಕಂದ್ರೆ ಕೆಲವು ವಿಷಯದಲ್ಲಿ ಕನ್ನಡವೇ ರಷ್ಯನ್‌ಗೆ ಹತ್ರ. ರಷ್ಯನ್‌ನಲ್ಲಿ ನಮ್ಮ ಹಾಗೇ ನೀನು ಬೇರೆ, ನೀವು ಬೇರೆ. ಯುದ್ಧದಿಂದ ನಿಕೊಲಾಯ್ ರೊಸ್ತೊವ್ ರಜಕ್ಕೆ ಮನೆಗೆ ಬರ್ತಾನೆ, ಚಿಕ್ಕಂದಿನಿಂದ ಒಟ್ಟಿಗೆ ಬೆಳೆದ, ಮನಸ್ಸು ಕೊಟ್ಟಿರೋ ಸೋನ್ಯಾ ಎದುರಿಗಿದಾಳೆ, ಇಬ್ಬರೂ ಈಗ ದೊಡ್ಡವರಾಗಿದಾರೆ, ಎಲ್ಲರ ಮುಂದೆ ಅವನು ಅವಳ ಕೈಗೆ ಮುತ್ತು ಕೊಟ್ಟು 'ನೀವು' ಅಂತ ಮಾತಾಡಿಸ್ತಾನೆ, ಆದ್ರೆ ಕಣ್ಣುಗಳು ಮಾತ್ರ ಒಂದನ್ನೊಂದು 'ನೀನು' ಅಂತ ಕರೀತವೆ. ನಿಮಗೆ ಇದನ್ನ ಯಾರಾದ್ರೂ ವಿವರಿಸ್ಬೇಕಾ? ಹೊಸದಾಗಿ ಮದುವೆ ಗೊತ್ತಾದ ಮನೇಲಿ ಎಲ್ಲರೂ ನೋಡಿರೋದೇ. ಇಂಗ್ಲಿಷಲ್ಲಿ ಇದಕ್ಕೆ ಮೌಡ್ ದಂಪತಿ 'ದೌ' (thou) ಅನ್ನೋ ಸತ್ತುಹೋದ ಪದನ ಎಬ್ಬಿಸ್ಕೊಂಡು ಬರಬೇಕಾಯ್ತು, ಪ್ರೀತಿಯ ಮಾತು ಹೋಗಿ ಬೈಬಲ್ ಓದಿದ ಹಾಗಾಯ್ತು. ಆಂದ್ರೇಯ್‌ಗೂ ನತಾಶಾಗೂ ಮದುವೆ ಗೊತ್ತಾದ ಮೇಲೂ ಅವನು ಅವಳಿಗೆ ನೀವು ಅಂತಲೇ ಅಂತಿರ್ತಾನೆ, ಆ ದೂರ ಮುಂದೆ ಏನು ಮಾಡುತ್ತೆ ಅನ್ನೋದು ಕಥೆ. ನಾನು ಇಂಗ್ಲಿಷಲ್ಲೇ ಓದಿದ್ರೂ ಈ ಸೀನುಗಳನ್ನ ತಲೆಯೊಳಗೆ ಕನ್ನಡಕ್ಕೆ ತಿರುಗಿಸ್ಕೊಂಡೇ ಓದಿದ್ದು. ರೈತರು, ಸಿಪಾಯಿಗಳು ಯಜಮಾನನ್ನ 'ಬಾತ್ಯುಷ್ಕ', ಅಂದ್ರೆ ಅಪ್ಪಾ ಅಂತ ಕರೆಯೋದೂ ಹಾಗೇ, ನಮ್ಮ ಕಡೆ 'ಬುದ್ಧೀ', 'ಅಪ್ಪಾರ' ಅನ್ನೋ ಧ್ವನಿ ಗೊತ್ತಿರೋರಿಗೆ ಅದರೊಳಗಿನ ಪ್ರೀತಿ ಮತ್ತೆ ಭಯ ಎರಡೂ ಥಟ್ಟಂತ ತಟ್ಟುತ್ತೆ.

ಕನ್ನಡದ ಕಷ್ಟ ಅಂದ್ರೆ ಸಿಗೋದು. ಇಂಗ್ಲಿಷ್ ಪ್ರತಿ ನಾಳೆ ಮನೆಬಾಗಿಲಿಗೆ ಬರುತ್ತೆ, ಕನ್ನಡದ್ದಕ್ಕೆ ನಾಲ್ಕು ಅಂಗಡಿ ಫೋನ್ ಮಾಡ್ಬೇಕಾಗ್ಬಹುದು. ಹೊರದೇಶದಲ್ಲಿರೋರಿಗಂತೂ ಊರಿಂದ ಬರೋರ ಸೂಟ್‌ಕೇಸಲ್ಲಿ ಚಟ್ನಿಪುಡಿ ಜಾಗ ಬಿಡಿಸ್ಕೊಂಡು ತರಿಸೋ ಕೆಲಸ.

ಆಡಿಯೋ ಬಗ್ಗೆ ಕೇಳಿದವರಿಗೆ: ಪೂರ್ತಿ ಓದಿದ್ದು ಅರವತ್ತು ಗಂಟೆಯ ಹತ್ತಿರ. ದಿನಾ ಆಫೀಸಿಗೆ ಹೋಗಿ ಬರೋ ಒಂದು ಗಂಟೆ ಕೇಳಿದ್ರೂ ಎರಡು ತಿಂಗಳು. ಯುದ್ಧದ ಭಾಗಗಳು ಕಿವೀಲಿ ಅದ್ಭುತವಾಗಿರ್ತವೆ, ಶೋನ್‌ಗ್ರಾಬರ್ನ್ ಕಾಳಗದಲ್ಲಿ ಕ್ಯಾಪ್ಟನ್ ತೂಶಿನ್ ಅನ್ನೋ ಸಣ್ಣ ಮನುಷ್ಯ, ಪೈಪ್ ಕಚ್ಕೊಂಡು ಯಾರೂ ಆದೇಶ ಕೊಡದೇ ಇದ್ರೂ ಫಿರಂಗಿ ಹಾರಿಸ್ತಾ ನಿಂತಿರೋದನ್ನ ನಾನು ಎರಡನೇ ಸಲ ಕೇಳಿದ್ದು ನಡ್ಕೊಂಡು ಹೋಗ್ತಾ, ಮನೆ ಗೇಟ್ ದಾಟಿ ಮುಂದೆ ಹೋಗಿಬಿಟ್ಟಿದ್ದೆ. ಆದ್ರೆ ಹೆಸರು ಕಣ್ಣಿಗೆ ಕಾಣದೇ ಇರೋದ್ರಿಂದ ಮೊದಲನೇ ಓದಿಗೆ ಬರೀ ಆಡಿಯೋ ಬೇಡ, ಪಕ್ಕದಲ್ಲಿ ಒಂದು ಪ್ರತಿ ಇರ್ಲಿ, ಅದು ಗುಟೆನ್‌ಬರ್ಗ್‌ನ ಫ್ರೀ ಫೈಲಾದ್ರೂ ಸರಿ. ಅದರಲ್ಲಿ ನಾಲ್ಕು ಸಂಪುಟದ ಬದಲು ಹದಿನೈದು ಪುಸ್ತಕ ಅಂತ ಭಾಗ ಮಾಡಿದಾರೆ, ಫ್ರೆಂಡ್ ಜೊತೆ ಓದ್ತಾ ಇದ್ರೆ "ನಾನು ಎರಡನೇ ಸಂಪುಟ, ನೀನು ಎಂಟನೇ ಪುಸ್ತಕ" ಅಂತ ಗಾಬರಿ ಆಗ್ಬೇಡಿ, ಇಬ್ಬರೂ ಒಂದೇ ಕಡೆ ಇದೀರಾ.

ಮುಖ ಗೊತ್ತಿಲ್ಲದೇ ಹೆಸರು ನೆನಪಿರಲ್ಲ ಅನ್ನೋರು 2016ರ ಬಿಬಿಸಿ ಸೀರಿಯಲ್‌ನ ಮೊದಲನೇ ಎಪಿಸೋಡ್ ಮಾತ್ರ ನೋಡಿ ನಿಲ್ಲಿಸಿ. ಬೊಂದಾರ್ಚುಕ್‌ನ ರಷ್ಯನ್ ಸಿನಿಮಾ ನಾಲ್ಕು ಭಾಗ, ಏಳು ಗಂಟೆ ಹತ್ತಿರ, ಅದನ್ನ ಓದು ಮುಗಿದ ಮೇಲೆ ಹಬ್ಬದ ಊಟದ ಥರ ನೋಡೋದು.

ಇಷ್ಟೆಲ್ಲಾ ಆದ್ಮೇಲೂ 1200 ಪುಟ ಬೇಡವೇ ಬೇಡ ಅನ್ಸಿದ್ರೆ ಅದೂ ತಪ್ಪಲ್ಲ. ಟಾಲ್‌ಸ್ಟಾಯ್‌ದೇ 'ಹಾಜಿ ಮುರಾದ್' ಸಣ್ಣದು, ಕಾಕಸಸ್ ಯುದ್ಧದ ಕಥೆ, ಎರಡು ಭಾನುವಾರಕ್ಕೆ ಮುಗಿಯುತ್ತೆ, ಈ ಮನುಷ್ಯನ ಕಣ್ಣು ಹೇಗೆ ನೋಡುತ್ತೆ ಅಂತ ಅದರಲ್ಲೇ ಗೊತ್ತಾಗುತ್ತೆ. ನೆಪೋಲಿಯನ್ ಬೇಡ, ಹಿಟ್ಲರ್ ಕಾಲದ್ದು ಬೇಕು ಅಂದ್ರೆ ವಸೀಲಿ ಗ್ರಾಸ್‌ಮನ್‌ನ 'ಲೈಫ್ ಅಂಡ್ ಫೇಟ್', ಸ್ಟಾಲಿನ್‌ಗ್ರಾಡ್ ಬಗ್ಗೆ, 1961ರಲ್ಲಿ ಸೋವಿಯತ್ ಗುಪ್ತ ಪೊಲೀಸ್ ಕೆಜಿಬಿಯವರು ಮನೆಗೆ ಬಂದು ಹಸ್ತಪ್ರತಿ ಜಫ್ತಿ ಮಾಡ್ಕೊಂಡು ಹೋದ ಪುಸ್ತಕ. ಆದ್ರೆ ಅದೇನು ಸಣ್ಣದಲ್ಲ, ಮತ್ತೆ ಅದರಲ್ಲಿ ನಗೋಕೆ ಜಾಗ ಕಮ್ಮಿ. ಯುದ್ಧ ಮತ್ತು ಶಾಂತಿಯಲ್ಲಿ ಕುಡಿದ ಹುಡುಗರು ಪೊಲೀಸನ್ನ ಕರಡಿಗೆ ಬೆನ್ನಿಗೆ ಬೆನ್ನು ಕಟ್ಟಿ ನದಿಗೆ ಬಿಡ್ತಾರೆ, ಅದೂ ಮೊದಲನೇ ನೂರು ಪುಟದೊಳಗೆ.

ಹಾಗಾಗಿ ದುಡ್ಡಿಲ್ಲದ ಸ್ಟೂಡೆಂಟಾದ್ರೆ ಫೋನಲ್ಲಿ ಗುಟೆನ್‌ಬರ್ಗ್ ಮೌಡ್, ಒಂದು ಹಾಳೇಲಿ ನಾಲ್ಕು ಮನೆಗಳ ಹೆಸರು. ಮನೆ, ಮಕ್ಕಳು, ಆಫೀಸ್ ಮಧ್ಯೆ ರಾತ್ರಿ ಇಪ್ಪತ್ತು ನಿಮಿಷ ಸಿಗೋರಿಗೆ ಬ್ರಿಗ್ಸ್. ಕನ್ನಡದಲ್ಲಿ ಓದಿದ್ರೇನೇ ಮನಸ್ಸಿಗೆ ಇಳಿಯೋದು ಅನ್ನೋರಿಗೆ ಸ್ವಾಮಿ ಅವರದ್ದು, ಯಾರ ಮುಂದೂ ಸಂಕೋಚ ಬೇಡ. ಟಿಪ್ಪಣಿ ಓದೋ ಚಟ ಇದ್ದು, ಕಪಾಟಲ್ಲಿ ಕೊನೇವರೆಗೂ ಇಟ್ಕೊಳ್ಳೋ ಆಸೆ ಇದ್ರೆ ಆಕ್ಸ್‌ಫರ್ಡ್. ಮಣಿಕಟ್ಟು ನೋವಿದ್ರೆ ಮೂರು ಸಂಪುಟದ ಎವ್ರಿಮ್ಯಾನ್, ದುಡ್ಡು ಜಾಸ್ತಿ, ಆದ್ರೆ ಮಲಗಿ ಓದ್ಬಹುದು, ಉಳಿದ ಯಾವುದನ್ನ ಮಲಗಿ ಓದಿದ್ರೂ ನಿದ್ದೆ ಬಂದ ತಕ್ಷಣ ಮೂಗಿಗೆ ಏಟು.

ಯಾವುದು ತಗೊಂಡ್ರೂ ಕೊನೇಲಿ ಎಪಿಲಾಗ್‌ನ ಎರಡನೇ ಭಾಗ ಒಂದು ಬರುತ್ತೆ, ಹನ್ನೆರಡು ಅಧ್ಯಾಯ, ಪಾತ್ರ ಇಲ್ಲ, ಕಥೆ ಇಲ್ಲ, ಇತಿಹಾಸನ ನಡೆಸೋದು ಯಾರು ಅನ್ನೋ ಬಗ್ಗೆ ಬರೀ ವಾದ. ಮುಗಿಸಿದೀನಿ ಅಂತ ಮೇಲೆ ಹೇಳಿದ್ನಲ್ಲ, ಅದು ಮೊದಲನೇ ಎಪಿಲಾಗ್‌ವರೆಗೆ. ಎರಡನೇದರಲ್ಲಿ ನನ್ನ ಬುಕ್‌ಮಾರ್ಕು ಎರಡು ವರ್ಷದಿಂದ ಏಳನೇ ಅಧ್ಯಾಯದಲ್ಲೇ ಇದೆ.